ಟಂಕಿಸಿದ್ದೆಷ್ಟು ಬಿಡಿ, ಉಳಿದದ್ದೆಷ್ಟು ನೋಡಿ: ನಾಣ್ಯದ ಬೆಲೆ ತೂಗುವ ಬಗೆ

ನಾಣ್ಯ ಸಂಗ್ರಹ ಶುರು ಮಾಡಿದ ಹೊಸದರಲ್ಲಿ ಕ್ಯಾಟಲಾಗ್ ತೆರೆದರೆ ನನ್ನ ಕಣ್ಣು ಹೋಗುತ್ತಿದ್ದದ್ದು ಒಂದೇ ಕಾಲಂಗೆ. ಟಂಕಸಾಲೆ ಆ ವರ್ಷ ಎಷ್ಟು ನಾಣ್ಯ ಹೊಡೆಯಿತು ಅನ್ನುವ ಲೆಕ್ಕ ಅಲ್ಲಿರುತ್ತದೆ. ಸಂಗ್ರಾಹಕರ ಬಾಯಲ್ಲಿ ಇದು ಮಿಂಟೇಜ್. ಸಂಖ್ಯೆ ಚಿಕ್ಕದಿದ್ದರೆ ನಾಣ್ಯ ಅಪರೂಪ, ದೊಡ್ಡದಿದ್ದರೆ ಸಾಮಾನ್ಯ. ಇಷ್ಟೇ ನನಗೆ ಗೊತ್ತಿದ್ದ ಗಣಿತ.

ಆ ಗಣಿತ ನಂಬಿ ಒಂದು ಸ್ಮರಣಾರ್ಥ ನಾಣ್ಯ ಕೊಂಡೆ. ಹೊಡೆದದ್ದು ಬರೀ ಕೆಲವು ಸಾವಿರ. ಚೆಂದದ ಡಬ್ಬಿ, ಒಳಗೊಂದು ಪ್ರಮಾಣಪತ್ರ. ಕೆಲವು ವರ್ಷ ಕಳೆದು ಮಾರಲು ಹೋದಾಗ ಗೊತ್ತಾಯಿತು, ಆ ಕೆಲವು ಸಾವಿರದಲ್ಲಿ ಒಂದೂ ಕಳೆದುಹೋಗಿಲ್ಲ ಅಂತ. ಎಲ್ಲವೂ ಅದೇ ಡಬ್ಬಿಯಲ್ಲಿ, ಅದೇ ಹೊಳಪಿನಲ್ಲಿ, ನನ್ನಂಥವರ ಕಪಾಟಿನಲ್ಲಿ ಕೂತಿವೆ. ಕೊಳ್ಳುವವರಿಗಿಂತ ಮಾರುವವರೇ ಜಾಸ್ತಿ.

ಬಿತ್ತಿದ ಬೀಜದ ಲೆಕ್ಕ ಬೇರೆ, ಕಣಕ್ಕೆ ಬಂದ ಕಾಳಿನ ಲೆಕ್ಕ ಬೇರೆ ಅಲ್ವಾ? ಮಿಂಟೇಜ್ ಹೇಳುವುದು ಬಿತ್ತಿದ್ದನ್ನು ಮಾತ್ರ. ಬೆಲೆ ಕಟ್ಟುವುದು ಉಳಿದದ್ದರ ಮೇಲೆ. ಉಳಿದದ್ದೆಷ್ಟು ಅಂತ ಯಾವ ಕ್ಯಾಟಲಾಗೂ ನೇರವಾಗಿ ಹೇಳುವುದಿಲ್ಲ, ನಾವೇ ಹುಡುಕಬೇಕು. ನಾನು ಹುಡುಕುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಕೊಳ್ಳಬೇಕೆಂದಿರುವ ಒಂದು ನಾಣ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ. ಪಕ್ಕದಲ್ಲಿ ಒಂದು ಚೀಟಿ, ಪೆನ್ಸಿಲ್ ಇರಲಿ.

ಮೊದಲು ಎರಡು ನಾಣ್ಯ ಪಕ್ಕಪಕ್ಕ ಇಟ್ಟು ನೋಡೋಣ

ಅಮೆರಿಕದ ಮಾರ್ಗನ್ ಬೆಳ್ಳಿ ಡಾಲರ್ ತೆಗೆದುಕೊಳ್ಳಿ. ಹಿಂಬದಿಯಲ್ಲಿ ಹದ್ದು, ಅದರ ಕೆಳಗಿನ ಹಾರದ ಕೆಳಗೆ ಪುಟ್ಟದಾಗಿ 'ಸಿಸಿ' ಅಂತಿದ್ದರೆ ಅದು ಕಾರ್ಸನ್ ಸಿಟಿ ಟಂಕಸಾಲೆಯದು. 1885ರಲ್ಲಿ ಅಲ್ಲಿ ಹೊಡೆದದ್ದು 2,28,000. 1889ರಲ್ಲಿ 3,50,000. ಮಿಂಟೇಜ್ ನಂಬಿದರೆ 1885ರದ್ದೇ ದುಬಾರಿ ಆಗಬೇಕು.

ಆಗಿರುವುದು ಉಲ್ಟಾ. ಚಲಾವಣೆಯಾಗದ ಹೊಸ ಸ್ಥಿತಿಯಲ್ಲಿ 1889ರ ನಾಣ್ಯದ ಬೆಲೆ 1885ರದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಕಾರಣ ಸರ್ಕಾರದ ಖಜಾನೆಯಲ್ಲಿದೆ. 1964ರಲ್ಲಿ ಅಮೆರಿಕದ ಖಜಾನೆ ಬೆಳ್ಳಿ ಡಾಲರ್ ಕೊಡುವುದನ್ನು ನಿಲ್ಲಿಸಿತು. ಆಗ ಉಳಿದ ಚೀಲಗಳನ್ನು ತೆರೆದು ಎಣಿಸಿದರೆ ಒಳಗೆ ಸುಮಾರು 29 ಲಕ್ಷ ಡಾಲರ್, ಅದರಲ್ಲಿ ಬಹುಪಾಲು ಕಾರ್ಸನ್ ಸಿಟಿಯವು. 1972ರಿಂದ 1980ರವರೆಗೆ ಇವನ್ನು ಸಂಗ್ರಾಹಕರಿಗೆ ಮಾರಿದರು. ಆ ರಾಶಿಯಲ್ಲಿ 1885ರ ನಾಣ್ಯಗಳು ಸುಮಾರು 1 ಲಕ್ಷ 48 ಸಾವಿರ ಇದ್ದವು. ಹೊಡೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊಚ್ಚ ಹೊಸದಾಗಿ ಹಾಗೇ ಕೂತಿತ್ತು ಅಂತಾಯಿತು. 1889ರದ್ದು ಎಷ್ಟಿತ್ತು ಗೊತ್ತಾ? ಒಂದು. ಒಂದೇ ಒಂದು.

ಇಲ್ಲೊಂದು ತಮಾಷೆಯೂ ಇದೆ. 1885ರ ಸಿಸಿ ಡಾಲರ್ ಸವೆದು ನುಣ್ಣಗಾಗಿದ್ದರೂ ಹೊಸದರ ಹತ್ತಿರ ಹತ್ತಿರ ಬೆಲೆಗೆ ಹೋಗುತ್ತದೆ. ಆ ನಾಣ್ಯ ಬಹುಪಾಲು ಚೀಲದಿಂದ ಹೊರಗೇ ಬಂದಿರಲಿಲ್ಲವಲ್ಲ, ಸವೆದದ್ದು ಸಿಗುವುದೇ ಕಷ್ಟ!

ಹಂತ 1: ಆ ಸಂಖ್ಯೆ ನಿಮ್ಮ ನಾಣ್ಯದ್ದೇನಾ?

ಮಿಂಟೇಜ್ ಅನ್ನುವುದು ಟಂಕಸಾಲೆಯ ಲೆಕ್ಕದ ಪುಸ್ತಕದಿಂದ ಬಂದದ್ದು. ಆ ಪುಸ್ತಕ ಬರೆದವರು ಸಂಗ್ರಾಹಕರಿಗೋಸ್ಕರ ಬರೆಯಲಿಲ್ಲ. ಈ ವರ್ಷ ಎಷ್ಟು ಬಿಲ್ಲೆ ಹೊರಗೆ ಹೋಯಿತು ಅನ್ನುವುದಷ್ಟೇ ಅವರಿಗೆ ಬೇಕಿತ್ತು. ಬಿಲ್ಲೆಯ ಮೇಲೆ ಯಾವ ಇಸವಿ ಇದೆ ಅನ್ನುವುದು ಅವರ ತಲೆನೋವಲ್ಲ.

ಅಮೆರಿಕದ ಟಂಕಸಾಲೆ 1804ರಲ್ಲಿ 19,570 ಬೆಳ್ಳಿ ಡಾಲರ್ ಹೊಡೆದೆ ಅಂತ ಬರೆದುಕೊಂಡಿದೆ. ಆದರೆ ಅವು ಹಿಂದಿನ ವರ್ಷಗಳ ಅಚ್ಚಿನಿಂದಲೇ ಬಂದವು. 1804 ಎಂಬ ಇಸವಿ ಇರುವ ಡಾಲರ್ ಮೊದಲು ತಯಾರಾದದ್ದು 1834ರ ಸುಮಾರಿಗೆ, ಬೇರೆ ದೇಶದ ರಾಜರಿಗೆ ಉಡುಗೊರೆ ಕೊಡಲು. ಆಮೇಲೆ ಹೊಡೆದವನ್ನೂ ಸೇರಿಸಿದರೆ ಇವತ್ತು ಗೊತ್ತಿರುವುದು ಒಟ್ಟು 16. 1895ರ ಫಿಲಡೆಲ್ಫಿಯಾ ಮಾರ್ಗನ್ ಡಾಲರಿನದ್ದೂ ಇಂಥದೇ ಕಥೆ. ಚಲಾವಣೆಗೆ 12,000 ಹೊಡೆದೆವು ಅನ್ನುತ್ತದೆ ದಾಖಲೆ. ಅವುಗಳಲ್ಲಿ ಒಂದೂ ಕಣ್ಣಿಗೆ ಬಿದ್ದಿಲ್ಲ. ಸಂಗ್ರಾಹಕರಿಗೆಂದು ವಿಶೇಷವಾಗಿ ಹೊಡೆದ 880 ಪ್ರೂಫ್ ನಾಣ್ಯಗಳಲ್ಲಿ ಉಳಿದವಷ್ಟೇ ಇರುವುದು.

ವಿಕ್ಟೋರಿಯಾ ರಾಣಿಯ 1862ರ ರೂಪಾಯಿ ಇದಕ್ಕಿಂತಲೂ ತಲೆ ತಿನ್ನುತ್ತದೆ. 1874ರವರೆಗೂ ಹೊಡೆದ ರೂಪಾಯಿಗಳ ಮೇಲೆ ಅದೇ 1862 ಇದೆ. ವರ್ಷ ಗುರುತಿಸಲು ಇಸವಿಯ ಹತ್ತಿರ ಪುಟ್ಟ ಚುಕ್ಕಿಗಳನ್ನು ಇಟ್ಟರು. ಭೂತಕನ್ನಡಿ ಹಿಡಿದು ಚುಕ್ಕಿ ಎಣಿಸದೆ 'ನನ್ನ ಹತ್ತಿರ 1862ರ ರೂಪಾಯಿ ಇದೆ' ಅಂದರೆ ಅದು ಅರ್ಧ ಮಾತು.

ಚೀಟಿಯಲ್ಲಿ ಮೊದಲ ಸಾಲು ಬರೆಯಿರಿ: ಸಂಖ್ಯೆ ಎಷ್ಟು, ಅದು ಇಸವಿಯದೋ ಲೆಕ್ಕದ ವರ್ಷದ್ದೋ, ಒಂದೇ ಬಗೆಯದೋ ಹಲವು ಬಗೆ ಸೇರಿದ್ದೋ.

ಹಂತ 2: ಯಾರು ಕರಗಿಸಿದರು, ಯಾವಾಗ?

ಇಡೀ ಹುಡುಕಾಟದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು. ನಾಣ್ಯಗಳು ಕಳೆದುಹೋಗಿ ಕಮ್ಮಿಯಾಗುವುದು ಸ್ವಲ್ಪ. ಕುಲುಮೆಗೆ ಹೋಗಿ ಕಮ್ಮಿಯಾಗುವುದು ಬಹಳ.

ಕೆನಡಾ 1921ರಲ್ಲಿ 50 ಸೆಂಟ್‌ನ ಬೆಳ್ಳಿ ನಾಣ್ಯ ಹೊಡೆಯಿತು. ಸಂಖ್ಯೆ 2,06,398. ಕೇಳುವವರಿಲ್ಲದೆ ಅವು ಟಂಕಸಾಲೆಯಲ್ಲೇ ವರ್ಷಗಟ್ಟಲೆ ಬಿದ್ದಿದ್ದವು. 1929ರಲ್ಲಿ ಬೇಡಿಕೆ ಬಂದಾಗ ಹಳೇ ಇಸವಿಯ ಆ ರಾಶಿಯನ್ನೇ ಕೊಡಬಹುದಿತ್ತು. ಎಂಟು ವರ್ಷ ಹಿಂದಿನ ಇಸವಿಯ ಹೊಸ ನಾಣ್ಯ ಕಂಡರೆ ಜನ ಖೋಟಾ ಅಂದುಕೊಂಡಾರು ಎಂಬ ಅಳುಕಿನಿಂದ ಎಲ್ಲವನ್ನೂ ಕರಗಿಸಿ 1929ರ ಅಚ್ಚು ಹೊಡೆದರು ಅನ್ನುತ್ತಾರೆ. ಇವತ್ತು ಉಳಿದಿರುವುದು ಹೆಚ್ಚೆಂದರೆ ನೂರರ ಆಸುಪಾಸು ಅಂತ ಅಂದಾಜು. ಎರಡು ಲಕ್ಷದಲ್ಲಿ ನೂರು! ಮಿಂಟೇಜ್ ಕಾಲಂ ಮಾತ್ರ ನೋಡಿದವರಿಗೆ ಇದು ಯಾವತ್ತೂ ಹೊಳೆಯುವುದಿಲ್ಲ.

1911ರ ಐದನೇ ಜಾರ್ಜ್ ರೂಪಾಯಿ ಇನ್ನೊಂದು. ರಾಜನ ನಿಲುವಂಗಿಯ ಮೇಲಿನ ಪುಟ್ಟ ಆನೆ ಹಂದಿಯ ಹಾಗೆ ಕಾಣುತ್ತದೆ ಎಂದು ಜನ ಸಿಟ್ಟಾದರು. ಸುಮಾರು 94 ಲಕ್ಷ ಹೊಡೆದಿದ್ದರು, ಹೊರಗೆ ಹೋದದ್ದು ಸುಮಾರು 7 ಲಕ್ಷ. ಉಳಿದವು ಕುಲುಮೆಗೆ. ಸಂಗ್ರಾಹಕರು ಇವತ್ತಿಗೂ ಅದನ್ನು ಹಂದಿ ರೂಪಾಯಿ ಅಂತಲೇ ಕರೆಯುತ್ತಾರೆ. 7 ಲಕ್ಷ ಹೊರಗೆ ಹೋಗಿದ್ದರಿಂದ ಸಿಗುವುದಂತೂ ಸಿಗುತ್ತದೆ. ಆದರೆ ಲೆಕ್ಕ ಶುರು ಮಾಡಬೇಕಾದದ್ದು 94ರಿಂದಲ್ಲ, 7ರಿಂದ.

ಚಿನ್ನದ ನಾಣ್ಯಗಳಲ್ಲಿ 1917ರ ಲಂಡನ್ ಸಾವರಿನ್, ಅಂದರೆ ಬ್ರಿಟನ್ನಿನ ಒಂದು ಪೌಂಡಿನ ನಾಣ್ಯ, ನೋಡಿ. ಹತ್ತು ಲಕ್ಷಕ್ಕೂ ಹೆಚ್ಚು ಹೊಡೆದರು. ಮೊದಲ ಮಹಾಯುದ್ಧದ ಸಾಲ ತೀರಿಸಲು ಅವು ಅಮೆರಿಕಕ್ಕೆ ಹೋಗಿ ಅಲ್ಲಿ ಕರಗಿದವು. ಅದೇ 1917ರ ಸಿಡ್ನಿ, ಪರ್ತ್ ಸಾವರಿನ್‌ಗಳು ಸುಲಭವಾಗಿ ಸಿಗುತ್ತವೆ. ಲಂಡನ್‌ನದ್ದಕ್ಕೆ ಟಂಕಸಾಲೆಯ ಅಕ್ಷರ ಇರುವುದಿಲ್ಲ. ಯಾರಾದರೂ ಅಂಥದ್ದನ್ನು ತೋರಿಸಿದರೆ ಖುಷಿಪಡುವ ಮೊದಲು ಅನುಮಾನಪಡಿ. ಇದರ ನಕಲಿ ಬಹಳ ಇವೆ.

ಅಮೆರಿಕದ 1933ರ 20 ಡಾಲರ್ ಚಿನ್ನದ ನಾಣ್ಯದ ಹೆಸರು ನೀವು ಕೇಳಿಯೇ ಇರುತ್ತೀರಿ. 4,45,500 ಹೊಡೆದರು. ಅಷ್ಟರಲ್ಲಿ ಚಿನ್ನದ ನಾಣ್ಯವನ್ನು ಜನರ ಕೈಗೆ ಕೊಡುವುದೇ ನಿಂತುಹೋಗಿ 1937ರಲ್ಲಿ ಕರಗಿಸಿಬಿಟ್ಟರು. ಖಾಸಗಿಯವರು ಕಾನೂನುಬದ್ಧವಾಗಿ ಇಟ್ಟುಕೊಳ್ಳಬಹುದಾದದ್ದು ಒಂದೇ ಒಂದು. ಅದು 2021ರ ಹರಾಜಿನಲ್ಲಿ 1 ಕೋಟಿ 88 ಲಕ್ಷ ಡಾಲರ್ ದಾಟಿತು.

ಇವೆಲ್ಲ ಒಂದೊಂದು ಇಸವಿಯ ಕಥೆ. ಸಾರಾಸಗಟು ಕರಗಿಸಿದಾಗ ಗೊಂದಲ ಹೆಚ್ಚು. 1918ರ ಪಿಟ್‌ಮನ್ ಕಾಯ್ದೆಯಡಿ ಅಮೆರಿಕ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್ ಕರಗಿಸಿತು. ಯಾವ ಇಸವಿಯದು ಎಷ್ಟು ಹೋಯಿತು ಅಂತ ಯಾರೂ ಬರೆದಿಡಲಿಲ್ಲ. ಹಾಗಾಗಿ ಮಾರ್ಗನ್ ಡಾಲರಿನ ಮಿಂಟೇಜ್ ಪಟ್ಟಿ ಇವತ್ತು ಬರೀ ಒಂದು ಸುಳಿವು. 1980ರಲ್ಲಿ ಬೆಳ್ಳಿಯ ದರ ಏರಿದಾಗಲೂ ಜನ ಮೂಟೆಗಟ್ಟಲೆ ಹಳೇ ನಾಣ್ಯ ಕರಗಲು ಕೊಟ್ಟರು. ಅದರ ಲೆಕ್ಕ ಯಾರ ಹತ್ತಿರವೂ ಇಲ್ಲ.

ಹಾಗಾಗಿ ನಿಮ್ಮ ನಾಣ್ಯದ ಬಗ್ಗೆ ಮೂರು ಪ್ರಶ್ನೆ ಕೇಳಿ. ಒಳಗಿನ ಲೋಹದ ಬೆಲೆ ಯಾವಾಗಲಾದರೂ ಮುಖಬೆಲೆ ಮೀರಿತ್ತಾ? ಸರ್ಕಾರ ಅದನ್ನು ವಾಪಸ್ ಕರೆಯಿತಾ? ಟಂಕಸಾಲೆಯಿಂದ ಅದು ನಿಜವಾಗಿ ಹೊರಗೆ ಬಂತಾ? ತಾಮ್ರ-ನಿಕಲ್‌ನ ಚಿಲ್ಲರೆಯಾದರೆ ಈ ಹಂತ ಬೇಗ ಮುಗಿಯುತ್ತದೆ, ಅದನ್ನು ಕರಗಿಸುವ ತಾಪತ್ರಯ ಕಡಿಮೆ. ಯುದ್ಧಕಾಲದ ಸತು, ಕಬ್ಬಿಣದ ನಾಣ್ಯಗಳಿಗೆ ಕುಲುಮೆಯೂ ಬೇಕಾಗಿಲ್ಲ, ತುಕ್ಕೇ ತಿಂದು ಮುಗಿಸುತ್ತದೆ.

ಹಂತ 3: ಯಾರು ಎತ್ತಿಟ್ಟರು?

ಮೊದಲ ದಿನವೇ ಜನ ಎತ್ತಿಟ್ಟ ನಾಣ್ಯ ಮಿಂಟೇಜ್ ಕಡಿಮೆಯಿದ್ದರೂ ಸಿಗುತ್ತಲೇ ಇರುತ್ತದೆ. ಯಾರೂ ತಿರುಗಿ ನೋಡದ ನಾಣ್ಯ ಕೋಟಿ ಇದ್ದರೂ ಚೆನ್ನಾಗಿರುವುದು ಸಿಗುವುದಿಲ್ಲ.

1909ರಲ್ಲಿ ಅಮೆರಿಕದ ಲಿಂಕನ್ ಸೆಂಟ್ ಹೊಸದಾಗಿ ಬಂತು. ಹಿಂಬದಿಯ ಕೆಳಗೆ ಕಲಾವಿದ ವಿಕ್ಟರ್ ಡೇವಿಡ್ ಬ್ರೆನ್ನರ್ ಅವರ ಹೆಸರಿನ ಮೂರು ಅಕ್ಷರ, 'ವಿಡಿಬಿ'. ಅಕ್ಷರ ತುಂಬ ಎದ್ದು ಕಾಣುತ್ತದೆ ಅಂತ ತಕರಾರು ಬಂದು ಕೆಲವೇ ದಿನದಲ್ಲಿ ಅದನ್ನು ತೆಗೆದರು. ಆ ಅಕ್ಷರವಿದ್ದ ಸ್ಯಾನ್ ಫ್ರಾನ್ಸಿಸ್ಕೊ ಸೆಂಟ್ 4,84,000 ಮಾತ್ರ. ಸುದ್ದಿಯಾಗಿತ್ತಲ್ಲ, ಜನ ಹೊಸದಾಗಿರುವಾಗಲೇ ಎತ್ತಿಟ್ಟರು. ಐದು ವರ್ಷ ಬಿಟ್ಟು 1914ರಲ್ಲಿ ಡೆನ್ವರ್‌ನಲ್ಲಿ 11,93,000 ಸೆಂಟ್ ಹೊಡೆದರು. ಅದರಲ್ಲಿ ಹೊಸತೇನೂ ಇರಲಿಲ್ಲ. ಯಾರೂ ಎತ್ತಿಡಲಿಲ್ಲ, ಎಲ್ಲ ಕೈಯಿಂದ ಕೈಗೆ ಹೋಗಿ ಸವೆಯಿತು.

ಈಗಿನ ಬೆಲೆ ನೋಡಿ. ಸವೆದ ಸ್ಥಿತಿಯಲ್ಲಿ 1909ರದ್ದೇ ದುಬಾರಿ. ಆದರೆ ಮೂಲ ಕೆಂಪು ಹೊಳಪು ಉಳಿದ ಹೊಸ ನಾಣ್ಯಗಳಿಗೆ ಬಂದರೆ 1914ರ ಡೆನ್ವರ್ ಸೆಂಟ್ ಅದನ್ನು ಹಿಂದೆ ಹಾಕುತ್ತದೆ. ಹೊಡೆದದ್ದು ಎರಡೂವರೆ ಪಟ್ಟು ಹತ್ತಿರ ಹತ್ತಿರ ಇದ್ದರೂ!

ಇದರ ತದ್ವಿರುದ್ಧ 1950ರ ಡೆನ್ವರ್ ನಿಕಲ್, ಅಂದರೆ ಅಮೆರಿಕದ ಐದು ಸೆಂಟ್‌ನ ನಾಣ್ಯ. 26,30,030 ಹೊಡೆದದ್ದು, ಆ ಸರಣಿಯ ಚಲಾವಣೆ ನಾಣ್ಯಗಳಲ್ಲೇ ಕನಿಷ್ಠ. ಕಡಿಮೆ ಅಂತ ಗೊತ್ತಾದ ಕೂಡಲೇ ಜನ ರೋಲ್‌ಗಟ್ಟಲೆ ಬಚ್ಚಿಟ್ಟರು. 1960ರ ದಶಕದ ಮೊದಲಲ್ಲಿ ಬೆಲೆ ಹುಚ್ಚಾಪಟ್ಟೆ ಏರಿತು, ಆಮೇಲೆ ದಬ್ಬನೆ ಬಿತ್ತು. ಇವತ್ತಿಗೂ ಹೊಸದಾಗಿರುವುದು ಆರಾಮಾಗಿ ಸಿಗುತ್ತದೆ. ನನ್ನ ಡಬ್ಬಿಯ ನಾಣ್ಯದ ಅಣ್ಣ ಇದು.

ಹಂತ 4: ಯಾವ ಸ್ಥಿತಿಯಲ್ಲಿ ಉಳಿದಿದೆ?

'ಎಷ್ಟು ಉಳಿದಿದೆ' ಅನ್ನುವುದು ಒಂದು ಪ್ರಶ್ನೆಯಲ್ಲ, ಪ್ರತಿ ಗ್ರೇಡಿಗೂ, ಅಂದರೆ ನಾಣ್ಯದ ಸ್ಥಿತಿಯ ಪ್ರತಿ ದರ್ಜೆಗೂ, ಒಂದೊಂದು ಪ್ರಶ್ನೆ. 1884ರ ಸ್ಯಾನ್ ಫ್ರಾನ್ಸಿಸ್ಕೊ ಮಾರ್ಗನ್ ಡಾಲರ್ 32 ಲಕ್ಷ ಹೊಡೆದದ್ದು. ಸವೆದದ್ದು ಬೇಕಾದಷ್ಟಿದೆ, ಬೆಲೆಯೂ ಸಾಧಾರಣ. ಹೊಸ ಸ್ಥಿತಿಯದು ಕೇಳಿದರೆ ಮಾತ್ರ ತಲೆ ತಿರುಗುತ್ತದೆ.

ಅದಕ್ಕೇ ಚೀಟಿಯಲ್ಲಿ ನಾಣ್ಯದ ಹೆಸರಿನ ಜೊತೆ ಗ್ರೇಡನ್ನೂ ಬರೆಯಿರಿ. ಉಜ್ಜಿ ತೊಳೆದ, ಗೀಚಿದ, ಕೊಂಡಿ ಹಾಕಿ ಸರಕ್ಕೆ ಪೋಣಿಸಿದ್ದ ನಾಣ್ಯಗಳನ್ನು ಬೇರೆಯೇ ಎಣಿಸಿ. ಉಜ್ಜಿದ ನಾಣ್ಯ ದೂರದಿಂದ ಥಳಥಳ ಅನ್ನುತ್ತದೆ. ದೀಪದ ಕೆಳಗೆ ಓರೆ ಮಾಡಿ ಭೂತಕನ್ನಡಿಯಲ್ಲಿ ನೋಡಿ, ಒಂದೇ ದಿಕ್ಕಿಗೆ ಎಳೆದ ಕೂದಲಿನಂಥ ಗೆರೆಗಳು ಕಾಣುತ್ತವೆ. ನಿಜವಾದ ಹೊಸ ನಾಣ್ಯವನ್ನು ಹಾಗೇ ತಿರುಗಿಸಿದರೆ ಬೆಳಕು ಚಕ್ರದ ಕಡ್ಡಿಯ ಹಾಗೆ ಸುತ್ತುತ್ತದೆ. ಒಮ್ಮೆ ಕಣ್ಣಿಗೆ ಇದು ರೂಢಿಯಾಯಿತೋ, ಚೆನ್ನಾಗಿ ಉಳಿದದ್ದು ಎಷ್ಟು ಕಡಿಮೆ ಅಂತ ತಾನಾಗಿ ತಿಳಿಯುತ್ತದೆ.

ಹಂತ 5: ಎಲ್ಲಾದರೂ ಚೀಲ ಅಡಗಿದೆಯಾ?

ಉಳಿದದ್ದರ ಲೆಕ್ಕದಲ್ಲಿ ದೊಡ್ಡ ಅಪಾಯ ಇದು. 1903ರ ನ್ಯೂ ಆರ್ಲಿಯನ್ಸ್ ಮಾರ್ಗನ್ ಡಾಲರ್ 44,50,000 ಹೊಡೆದದ್ದು. ಆದರೂ ಹೊಸ ಸ್ಥಿತಿಯದು ಸಿಗುತ್ತಲೇ ಇರಲಿಲ್ಲ, ಎಲ್ಲ 1918ರಲ್ಲಿ ಕರಗಿರಬೇಕು ಅಂದುಕೊಂಡಿದ್ದರು. 1962ರ ಹೊತ್ತಿಗೆ ಕ್ಯಾಟಲಾಗ್ ಬೆಲೆ 1,500 ಡಾಲರ್. ಆ ವರ್ಷದ ಕೊನೆಯಲ್ಲಿ ಫಿಲಡೆಲ್ಫಿಯಾದ ಉಗ್ರಾಣದ ಬಾಗಿಲು ತೆರೆದು ಹಳೇ ಚೀಲಗಳನ್ನು ಬಿಡುಗಡೆ ಮಾಡಿದರು. ಸಾವಿರ ಸಾವಿರದ ಚೀಲಗಳಲ್ಲಿ 1903ರವು! ಸ್ವಲ್ಪದರಲ್ಲೇ ಬೆಲೆ 30 ಡಾಲರ್ ಸುತ್ತಮುತ್ತ ಬಂದು ನಿಂತಿತು. ಮಿಂಟೇಜ್ ಒಂದಂಕೆಯೂ ಬದಲಾಗಿರಲಿಲ್ಲ.

1924ರ ಸ್ಯಾನ್ ಫ್ರಾನ್ಸಿಸ್ಕೊ 20 ಡಾಲರ್ ಚಿನ್ನದ ನಾಣ್ಯವನ್ನು 1940ರ ದಶಕದಲ್ಲಿ ಆ ಸರಣಿಯ ಬಲು ಅಪರೂಪದ್ದು ಅನ್ನುತ್ತಿದ್ದರು. ಆಮೇಲೆ ಯೂರೋಪಿನ ಬ್ಯಾಂಕುಗಳಿಂದ ಒಂದೊಂದಾಗಿ ಹೊರಬಂದವು. ಪ್ರಾಚೀನ ನಾಣ್ಯಗಳಲ್ಲಂತೂ ನೆಲವೇ ಉಗ್ರಾಣ. 2010ರಲ್ಲಿ ಇಂಗ್ಲೆಂಡಿನ ಫ್ರೋಮ್ ಬಳಿ ಒಂದೇ ಮಡಕೆಯಲ್ಲಿ 52,503 ರೋಮನ್ ನಾಣ್ಯ ಸಿಕ್ಕವು. ಆ ಕಾಲದ ನಾಣ್ಯಗಳಿಗೆ ಮಿಂಟೇಜ್ ಕಾಲಮ್ಮೇ ಇಲ್ಲ. ವಿದ್ವಾಂಸರು ಉಳಿದ ನಾಣ್ಯಗಳಲ್ಲಿ ಎಷ್ಟು ಬೇರೆ ಬೇರೆ ಅಚ್ಚು ಕಾಣುತ್ತದೆ ಅಂತ ಎಣಿಸಿ, ಎಷ್ಟು ಹೊಡೆದಿರಬಹುದು ಅಂತ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಪ್ರಾಚೀನ ನಾಣ್ಯದ ಸಂಗ್ರಾಹಕರು ಮೊದಲಿಂದಲೂ ಉಳಿದದ್ದರ ಮೇಲೆಯೇ ಬೆಲೆ ಕಟ್ಟುತ್ತಾ ಬಂದಿದ್ದಾರೆ, ಅದಕ್ಕೇ ನಮ್ಮಷ್ಟು ಏಮಾರುವುದಿಲ್ಲ ಅನ್ನಿಸುತ್ತದೆ.

ಅಡಗಿದ ಚೀಲವನ್ನು ನೀವು ಕಾಣಲಾರಿರಿ. ಒಂದು ಸುಳಿವು ಮಾತ್ರ ಇದೆ: ಲಕ್ಷಗಟ್ಟಲೆ ಹೊಡೆದದ್ದು, ಕರಗಿಸಿದ ದಾಖಲೆ ಇಲ್ಲ, ಸವೆದದ್ದೂ ಸಿಗುತ್ತಿಲ್ಲ. ಹೀಗಿದ್ದರೆ 'ಹಾಗಾದರೆ ಅವೆಲ್ಲ ಎಲ್ಲಿ ಹೋದವು?' ಅಂತ ಕೇಳಿಕೊಳ್ಳಿ. ಉತ್ತರ ಸಿಗುವವರೆಗೆ ಜಾಸ್ತಿ ದುಡ್ಡು ಹಾಕಬೇಡಿ.

ಹಂತ 6: ಗ್ರೇಡಿಂಗ್ ಕಂಪನಿಗಳ ಎಣಿಕೆ

ಪಿಸಿಜಿಎಸ್, ಎನ್‌ಜಿಸಿ ಥರದ ಕಂಪನಿಗಳು 1980ರ ದಶಕದಿಂದ ನಾಣ್ಯಗಳಿಗೆ 1ರಿಂದ 70ರವರೆಗೆ ಗ್ರೇಡ್ ಕೊಟ್ಟು ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುತ್ತವೆ. ಯಾವ ನಾಣ್ಯ, ಯಾವ ಗ್ರೇಡಿನಲ್ಲಿ ಎಷ್ಟು ಬಂದಿದೆ ಎಂಬ ಪಟ್ಟಿಯನ್ನೂ ಇಡುತ್ತವೆ. ಇದಕ್ಕೆ ಪಾಪ್ಯುಲೇಶನ್ ರಿಪೋರ್ಟ್ ಅನ್ನುತ್ತಾರೆ. ಬಹಳ ಉಪಯೋಗದ ಪಟ್ಟಿ, ಆದರೆ ಎರಡು ಕಡೆ ಕಾಲು ಜಾರುತ್ತದೆ.

ಒಂದು, ಅದು ಎಣಿಸುವುದು ನಾಣ್ಯವನ್ನಲ್ಲ, ಎಷ್ಟು ಸಲ ಬಂತು ಅನ್ನುವುದನ್ನು. ಗ್ರೇಡ್ ಒಂದಂಕೆ ಏರಿದರೆ ಬೆಲೆ ದುಪ್ಪಟ್ಟಾಗುವ ಕಡೆ ಜನ ಕವಚ ಒಡೆದು ಅದೇ ನಾಣ್ಯವನ್ನು ಮತ್ತೆ ಮತ್ತೆ ಕಳಿಸುತ್ತಾರೆ. ಕವಚದೊಳಗಿದ್ದ ಹಳೇ ಗ್ರೇಡಿನ ಚೀಟಿಯನ್ನು ಕಂಪನಿಗೆ ವಾಪಸ್ ಕೊಡದಿದ್ದರೆ ಒಂದು ನಾಣ್ಯ ಪಟ್ಟಿಯಲ್ಲಿ ನಾಲ್ಕಾಗುತ್ತದೆ. ಎರಡು, ಅಗ್ಗದ ನಾಣ್ಯವನ್ನು ಯಾರೂ ಶುಲ್ಕ ಕಟ್ಟಿ ಕಳಿಸುವುದಿಲ್ಲ. 'ಪಟ್ಟಿಯಲ್ಲಿ ಬರೀ 12 ಇದೆ' ಅಂತ ಮಾರುವವರು ಹೇಳಿದರೆ, ಕಳಿಸಿದ್ದೇ 12 ಇರಬಹುದು. ದುಬಾರಿ ನಾಣ್ಯಕ್ಕೆ ಈ ಪಟ್ಟಿ ಲೆಕ್ಕವನ್ನು ಉಬ್ಬಿಸುತ್ತದೆ, ಅಗ್ಗದ್ದಕ್ಕೆ ಕುಗ್ಗಿಸುತ್ತದೆ.

ಹಂತ 7: ಎಷ್ಟು ಜನಕ್ಕೆ ಬೇಕು?

ಇದು ಚಿಕ್ಕದು. ಉಳಿದದ್ದು ಹತ್ತೇ ಆದರೂ ಬೇಕೆನ್ನುವವರು ಐದೇ ಜನ ಇದ್ದರೆ ಬೆಲೆ ಏರುವುದಿಲ್ಲ. 1909ರ ಸ್ಯಾನ್ ಫ್ರಾನ್ಸಿಸ್ಕೊ ವಿಡಿಬಿ ಸೆಂಟ್ ಸಾವಿರಾರು ಉಳಿದಿವೆ, ಆದರೂ ದುಬಾರಿ. ಲಿಂಕನ್ ಸೆಂಟ್ ಆಲ್ಬಂ ತುಂಬುವ ಪ್ರತಿಯೊಬ್ಬರಿಗೂ ಆ ಒಂದು ಕುಳಿ ಖಾಲಿ ಬಿಡಲು ಮನಸ್ಸಿಲ್ಲ. ನಿಮ್ಮ ನಾಣ್ಯ ಯಾವ ಸರಣಿಯದು, ಆ ಸರಣಿಯನ್ನು ಜನ ಪೂರ್ತಿ ಮಾಡುತ್ತಾರಾ ಅಂತ ಒಂದು ಸಾಲು ಬರೆದುಕೊಳ್ಳಿ, ಸಾಕು.

ಹಂತ 8: ನೀವೇ ಎಣಿಸಿ

ಕೊನೆಗೆ ನಾನು ಹೆಚ್ಚು ನಂಬುವುದು ನನ್ನ ಕಣ್ಣಿನ ಲೆಕ್ಕವನ್ನೇ. ದೊಡ್ಡ ಹರಾಜು ಸಂಸ್ಥೆಗಳು ಹಳೇ ಮಾರಾಟದ ಫೋಟೊ, ಬೆಲೆ ಎಲ್ಲವನ್ನೂ ಹುಡುಕಲು ಬಿಡುತ್ತವೆ. ನಿಮ್ಮ ನಾಣ್ಯ, ನಿಮ್ಮ ಗ್ರೇಡ್ ಹಾಕಿ ಹಿಂದಿನ ಹತ್ತು ವರ್ಷ ನೋಡಿ. ತಿಂಗಳಿಗೊಂದು ಬರುತ್ತಿದ್ದರೆ ಅವಸರ ಬೇಡ, ಒಳ್ಳೆಯದಕ್ಕೆ ಕಾಯಿರಿ. ಎರಡು ಮೂರು ವರ್ಷಕ್ಕೊಮ್ಮೆ ಬರುವುದಾದರೆ ಮಿಂಟೇಜ್ ಎಷ್ಟೇ ಇರಲಿ, ಅದು ಅಪರೂಪವೇ.

ಆದರೆ ಫೋಟೊ ನೋಡದೆ ಸುಮ್ನೆ ಎಣಿಸಬೇಡಿ. ಒಂದು ಬೆಳ್ಳಿ ನಾಣ್ಯಕ್ಕೆ ನಾನು ಬಹಳ ದಿನದಿಂದ ಕಾಯುತ್ತಿದ್ದೆ. ಹಳೇ ಹರಾಜುಗಳಲ್ಲಿ ಮೂರು ಸಲ ಬಂದಿತ್ತು. ಮೂರಿದೆ, ಇನ್ನೂ ಬರುತ್ತದೆ, ಬೆಲೆ ಇಳಿಯಲಿ ಅಂತ ಕೂತಿದ್ದೆ. ಒಂದು ರಾತ್ರಿ ಮೂರೂ ಫೋಟೊ ಪಕ್ಕಪಕ್ಕ ತೆರೆದು ದೊಡ್ಡದು ಮಾಡಿ ನೋಡಿದೆ. ಮೊದಲನೆಯದರಲ್ಲಿ ಬೂದು ಬಣ್ಣ, ಎರಡನೆಯದರಲ್ಲಿ ಬೆಳ್ಳಗೆ, ಮೂರನೆಯದರಲ್ಲಿ ಬೇರೆ ಕವಚ, ಗ್ರೇಡ್ ಒಂದಂಕೆ ಮೇಲೆ. ಆದರೆ ಮೂರರಲ್ಲೂ ಕೆನ್ನೆಯ ಮೇಲೆ, ಕಿವಿಯ ಕೆಳಗೆ, ಕೊಕ್ಕೆಯಂಥ ಒಂದೇ ಗೀರು.

ಚೀಟಿಯಲ್ಲಿ 3 ಹೊಡೆದು ಹಾಕಿ 1 ಅಂತ ಬರೆದೆ. ಮುಂದಿನ ಸಲ ಅದು ಹರಾಜಿಗೆ ಬಂದಾಗ ಕೈ ಕೆಳಗೆ ಇಳಿಸಲಿಲ್ಲ.